ಅತ್ತೆಮನೆಯ ಹೆಪ್ಪು ಮತ್ತು ನನ್ನ ಕರುಳಿನ ಭಾಷಣ

ಮೂವತ್ತೆರಡು ವರ್ಷ ಅರಕಲಗೂಡಿನಲ್ಲಿ ಜೀವಶಾಸ್ತ್ರ ಕಲಿಸಿದವನಿಗೆ ಕರುಳಿನ ಬಗ್ಗೆ ಅರ್ಧ ಗಂಟೆ ಮಾತಾಡುವುದು ಯಾವ ಮಹಾ ಕೆಲಸ? ಹಾಸನದ ನಿವೃತ್ತರ ಸಂಘದವರು ಕರೆದದ್ದೇ ತಡ, ಒಪ್ಪಿಕೊಂಡೆ! ವಿಷಯ: ‘ಮುಪ್ಪು ಮತ್ತು ಕರುಳಿನ ಕಾಂಡಕೋಶ’.

ಎಂಥ ವಿಷಯ ಅಂತೀರಿ! ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ. ಹೊಸ ಕೋಶಗಳನ್ನು ಹುಟ್ಟಿಸುತ್ತ ತಾನೂ ಉಳಿಯುವುದೇ ಕಾಂಡಕೋಶ. ವಯಸ್ಸಾದಂತೆ ದೇಹದ ರೋಗನಿರೋಧಕ ಕಾವಲು ಪಡೆ ಕಳ್ಳನಿಲ್ಲದಿದ್ದರೂ ‘ಕಳ್ಳ, ಕಳ್ಳ’ ಎಂದು ಕೂಗುತ್ತಲೇ ಇರುತ್ತದೆ. ಆ ಗಲಾಟೆಗೆ ಕಾಂಡಕೋಶ ಸೊರಗುತ್ತದೆ. ಇದನ್ನು ಜನಕ್ಕೆ ತೋರಿಸುವುದು ಹೇಗೆ? ಅಡುಗೆಮನೆಯಲ್ಲಿ ಹೊಳೆಯಿತು. ಹೆಪ್ಪು! ದಿನವೂ ಮೊಸರು ಕೊಡುತ್ತದೆ, ತಾನೂ ಉಳಿಯುತ್ತದೆ!

ಭಾಷಣದ ದಿನ ಹೆಪ್ಪಿನ ಬಟ್ಟಲನ್ನೇ ಎತ್ತಿಕೊಂಡು ಹೊರಟೆ. ಹೆಂಡತಿ ಶಾರದೆ ಬಾಗಿಲಿಗೆ ಅಡ್ಡ ಬಂದಳು.

“ರೀ, ಅದು ನಮ್ಮಮ್ಮ ರುದ್ರಪಟ್ಟಣದಿಂದ ಮದುವೇಲಿ ಕಳಿಸಿದ ಹೆಪ್ಪು. ಅಮ್ಮ ಹೋದ್ರೂ ಅದು ಉಳಿದಿದೆ. ಒಂದು ಚಮಚ ಎತ್ತಿಟ್ಟು ಹೋಗಿ.”

“ಬಸ್ಸಿಗೆ ಹೊತ್ತಾಯ್ತು ಕಣೇ. ಹಾಗೇ ವಾಪಸ್ ತರ್ತೀನಿ!”

ಸಭೆಯಲ್ಲಿ ಕಾವಲು ಪಡೆಯ ಗಲಾಟೆ ತೋರಿಸಲು ಒಂದು ಲೋಟಕ್ಕೆ ಸ್ವಲ್ಪ ಹೆಪ್ಪು ಹಾಕಿ, ಅದಕ್ಕೆ ಉಪ್ಪು, ನಿಂಬೆರಸ ಬೆರೆಸಬೇಕೆಂದಿದ್ದೆ. ಚಪ್ಪಾಳೆ ಬಿತ್ತು ನೋಡಿ, ಆ ಉಬ್ಬಿನಲ್ಲಿ ಬಟ್ಟಲಿಗೇ ಸುರಿದೆ! ಮುಪ್ಪಿನ ಲೆಕ್ಕಕ್ಕೆಂದು ಒಂದು ಲೋಟ ನೀರೂ ಹೊಯ್ದೆ. ಹಲಗೆಯ ಮೇಲೆ ಕರುಳು ಬರೆದು ತಿರುಗಿದರೆ ಬಟ್ಟಲು ಖಾಲಿ. ಮುಂದಿನ ಸಾಲಿನ ಬೋರೇಗೌಡರು ಮೀಸೆ ಒರೆಸಿಕೊಳ್ಳುತ್ತಿದ್ದರು.

“ಮಜ್ಜಿಗೆ ಬಲೇ ಚೆನ್ನಾಗೈತೆ ಸಾ! ಕರುಳು ತಣ್ಣಗಾಯ್ತು ಕಣಿ!”

ನಿವೃತ್ತಿಯ ಮೇಲೆ ನಾವು ನೆಲೆಸಿರುವ ಹೊಳೆನರಸೀಪುರಕ್ಕೆ ಬಂದಿಳಿದಾಗ ದೀಪ ಹಚ್ಚುವ ಹೊತ್ತು. ನೆರೆಮನೆಯ ಪದ್ಮಕ್ಕ ಹಿಂದೆ ನಮ್ಮಲ್ಲೇ ಇದೇ ಹೆಪ್ಪು ಪಡೆದವರು. ಅಲ್ಲಿಗೇ ಓಡಿದೆ.

“ದೀಪ ಹಚ್ಚಾಯ್ತಲ್ಲ ಮೇಷ್ಟ್ರೇ. ಈಗ ಹೆಪ್ಪು ಕೊಡಬಾರದು. ಬೆಳಿಗ್ಗೆ ಬನ್ನಿ.”

ವಿಜ್ಞಾನ ಹೇಳಲು ಬಾಯಿ ತೆರೆದೆ. ಬಾಗಿಲು ಮುಚ್ಚಿತು.

ಶಾರದೆ ಬೈಯಲಿಲ್ಲ. ಖಾಲಿ ಬಟ್ಟಲು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಬೆಳಿಗ್ಗೆ ಆರಕ್ಕೆ, ಜಿಲ್ಲೆಗೆಲ್ಲ ಕಾಂಡಕೋಶ ಬೋಧಿಸಿದ ಮಹಾಶಯನು ಬಟ್ಟಲು ಹಿಡಿದು ಪದ್ಮಕ್ಕನ ಗೇಟಿನ ಮುಂದೆ ನಿಂತಿದ್ದ. ಅವರು ಎರಡು ಚಮಚ ಹಾಕಿದರು. ಶಾರದೆ ಅದನ್ನು ಉಗುರುಬೆಚ್ಚಗಿನ ಹಾಲಿಗೆ ಬೆರೆಸಿ, ಮುಚ್ಚಿಟ್ಟು, ನಿನ್ನೆ ಸಂಜೆಯಿಂದ ಮೊದಲ ಸಲ ನಕ್ಕಳು.

ಅಷ್ಟರಲ್ಲಿ ಬೋರೇಗೌಡರ ಫೋನು ಬಂತು. ಭಾಷಣ ಮೆಚ್ಚಿರಬೇಕು! ಶಾರದೆಗೂ ಕೇಳಲೆಂದು ಸ್ಪೀಕರ್ ಹಾಕಿದೆ.

“ಮುಂದಿನ ತಿಂಗಳೂ ಬನ್ನಿ ಸಾ. ಭಾಷಣ ಇಲ್ದಿದ್ರೂ ಪರವಾಗಿಲ್ಲ. ಮಜ್ಜಿಗೆ ಮಾತ್ರ ಮರೀಬ್ಯಾಡಿ!”