ಕತ್ತರಿ ನಿಲ್ಲಿಸಿದ ಹಾಸ್ಯಗಾರ

ನಮ್ಮ ಕುರಿಗಳ ಉಣ್ಣೆ ಕತ್ತರಿಸದೆ ಉಳಿದದ್ದು ನನ್ನಿಂದಲೇ ಎಂದು ನನ್ನ ಹೆಂಡತಿ ಕಾಟಮ್ಮ ಬಬ್ಬೂರಿನವರೆಗೂ ಸಾರಿಕೊಂಡು ಬಂದಿದ್ದಾಳೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಫೋನಿನಲ್ಲಿ ಆ ಪುಸ್ತಕ ಹಾಕಿಕೊಟ್ಟವಳು ಅವಳೇ ಅಲ್ಲವೇ?

(ಓದುವ ಪುಸ್ತಕವಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದ ನನ್ನಂಥವರಿಗೆ ಪುಸ್ತಕವೇ ಬಾಯಿ ತೆರೆದು ಹೇಳುತ್ತದೆ. ಕಂಪನಿ ನಾಟಕದ ಮುದಿ ಹಾಸ್ಯಗಾರನೊಬ್ಬ ತನ್ನ ಬದುಕನ್ನು ತಾನೇ ಹೇಳಿದ್ದ.)

ಅವತ್ತೇ ಉಣ್ಣೆ ಕತ್ತರಿಸಿ ಮುಗಿಸಬೇಕಿತ್ತು; ಮರುದಿನ ಬೆಳಿಗ್ಗೆ ಅದನ್ನು ಒಯ್ಯುವ ಗಾಡಿ ಬರುವುದಿತ್ತು. ತಪ್ಪಿದರೆ ಆರು ತಿಂಗಳು ಅದರ ಸುಳಿವಿಲ್ಲ. ಪಕ್ಕದ ಹಟ್ಟಿಯ ಪಾಲಯ್ಯ ಮುಯ್ಯಾಳಾಗಿ ಬಂದಿದ್ದ. ಇಂದು ಅವನು ನನ್ನಲ್ಲಿ ದುಡಿದರೆ ಇನ್ನೊಂದು ದಿನ ನಾನು ಅವನಲ್ಲಿ. ಫೋನನ್ನು ಗೂಟದ ಮೇಲೆ ಪ್ರತಿಷ್ಠಾಪಿಸಿ, ಒಂದೊಂದು ಕುರಿ ಕೆಡವಿಕೊಂಡು ಕೂತೆವು.

ಮೊದಲು ಹಾಸ್ಯಗಾರನ ಮಾತಿಗೆ ನಕ್ಕೆವು. ಆಮೇಲೆ ಆತ ಒಂದು ನಾಟಕದ ಸಂಗತಿ ತೆಗೆದ. ಹೊಟ್ಟೆಬಾಕನ ಪಾತ್ರ, ಮುಂದೆ ಖಾಲಿ ಎಲೆ. ಆತ ಎಲೆ ನೆಕ್ಕಿದ ಚಂದಕ್ಕೆ ಜನ ಬಿದ್ದು ಬಿದ್ದು ನಕ್ಕರಂತೆ. ಹಿಂದಿನ ದಿನದಿಂದ ಆತ ಏನೂ ತಿಂದಿರಲಿಲ್ಲ. "ಅವತ್ತು ನಾನು ನಟಿಸಲಿಲ್ಲ" ಎಂದು ಸುಮ್ಮನಾದ. ಉಸಿರಾಡುವುದು ಮಾತ್ರ ಕೇಳುತ್ತಿತ್ತು, ನನ್ನ ಮೊಣಕಾಲಿನ ಪಕ್ಕದಲ್ಲೇ ಕೂತಂತೆ. ನನ್ನ ಕತ್ತರಿ ನಿಂತಿತು. ಕುರಿಯೂ ಒದೆಯಲಿಲ್ಲ. (ಅಲ್ಲಿಂದ ಮುಂದೆ ಅವರನ್ನು ಏಕವಚನದಲ್ಲಿ ಕರೆಯಲು ನನಗೆ ಬಾಯಿ ಬರಲಿಲ್ಲ.)

"ಮುದ್ದೆ ಆರ್ತೈತೆ, ಏಳ್ರಿ. ಅದನ್ನ ನಿಲ್ಸಿ ಕೆಲ್ಸ ನೋಡ್ರಿ," ಎಂದು ಕಾಟಮ್ಮ ಫೋನಿಗೆ ಕೈ ಹಾಕಿದಳು.

"ಮುಟ್ಟಬ್ಯಾಡ. ಹಿರೇರು ಹಸಿವಿನ ಸುದ್ದಿ ಹೇಳ್ವಾಗ ಬಾಯಿಗೆ ಕೈ ಅಡ್ಡ ಇಡ್ತಾರೇನೇ?"

"ಹಿರೇರು ಎಲ್ಲವ್ರೆ ಇಲ್ಲಿ?"

"ಕಿವಿ ಇಲ್ವಾ ನಿಂಗೆ?"

ಪಾಲಯ್ಯ ಕಣ್ಣೊರೆಸಿಕೊಂಡ. "ಹೇಳ್ಲಿ ಬಿಡಕ್ಕ, ಪಾಪ."

ಹೇಳಿದರು. ಹೊತ್ತು ಮುಳುಗುವವರೆಗೂ ಹೇಳಿದರು.

ಬೆಳಿಗ್ಗೆ ಗಾಡಿಯವನು ಬಂದು, ಒಂದು ಮಗ್ಗುಲು ಬೋಳಾದ ಎರಡು ಕುರಿಗಳನ್ನೂ ಹಾಗೇ ಉಳಿದ ಹಿಂಡನ್ನೂ ನೋಡಿದ. "ಇದೇನಣ್ಣ, ಇವೆರಡಕ್ಕೆ ಅರ್ಧ ಅಂಗಿ ಬಿಚ್ಚೀಯ?" ಎಂದು ಖಾಲಿ ಗಾಡಿ ತಿರುಗಿಸಿದ.

ಮುಂದಿನ ವಾರ ಮುಯ್ಯಿ ತೀರಿಸಲು ಪಾಲಯ್ಯನ ಹಟ್ಟಿಗೆ ಹೋದೆ. ಫೋನನ್ನು ಮನೆಯಲ್ಲೇ ಬಿಟ್ಟಿದ್ದೆ. ಆದರೆ ಅವನ ಹೆಂಡತಿ ಹೊನ್ನಕ್ಕ ತನ್ನ ಫೋನಿನಲ್ಲಿ ಅದೇ ಪುಸ್ತಕದ ಉಳಿದ ಭಾಗ ಹಚ್ಚಿ ಕೂತಿದ್ದಳು.

ಈ ಸಲ ಪಾಲಯ್ಯ ಗಟ್ಟಿಮನಸ್ಸು ಮಾಡಿ ಕತ್ತರಿಸುತ್ತಲೇ ಇದ್ದ. ಅವನದೇ ಹಟ್ಟಿಯಲ್ಲಿ, ಅವನದೇ ಕುರಿಯ ಮೇಲಿನ ಕತ್ತರಿಯನ್ನು ನಾನು ಕಿತ್ತುಕೊಂಡೆ.

"ಸದ್ದು ಮಾಡಬ್ಯಾಡಲೇ. ಅವರು ಏನೋ ಹೇಳ್ತಾ ಅವ್ರೆ."

ಆ ಮುಯ್ಯಿ ಇವತ್ತಿಗೂ ತೀರಿಲ್ಲ.