ಕುಂಬಳಕಾಯಿಯೂ ನಮ್ಮೂರ ರೇಡಿಯೊವೂ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಕಟ್ಟಿದವನು ನನ್ನಂಥ ಪುಕ್ಕಲನನ್ನು ಎಲ್ಲೋ ನೋಡಿಯೇ ಕಟ್ಟಿರಬೇಕು. ಅಮೆರಿಕದ ಫೋರ್ಟ್ ಮಿಲ್‌ನಲ್ಲಿರುವ ಮನೆಯಿಂದ ಬ್ಯಾಲಂಟೈನ್‌ನ ಆಫೀಸಿಗೆ ಕಾರಿನಲ್ಲಿ ಹೋಗುವಾಗ ನಾನು ಕೇಳುವುದು ನಮ್ಮೂರಿನ ಪುಟ್ಟ ಎಎಂ ರೇಡಿಯೊ. ಹಾಡಿಲ್ಲ, ಬರೀ ಮಾತು. ಯಾರದೋ ನಾಯಿ ಕಳೆದಿದೆ, ಯಾರಿಗೋ ಹಳೇ ಸೋಫಾ ಬೇಡವಾಗಿದೆ. ಜನ ಫೋನ್ ಮಾಡ್ತಾರೆ, ನಿರೂಪಕ ಬಾಬ್ ಹೂಂಗುಟ್ಟುತ್ತಾನೆ. ಬೇರೆಯವರ ಮನೆ ವಿಷಯ ಅಂದರೆ ನನಗೂ ಕಿವಿ ನೆಟ್ಟಗಾಗುತ್ತೆ, ಸುಳ್ಳೇಕೆ?

ಆಯುಧಪೂಜೆಯ ಮಾರನೇ ಬೆಳಿಗ್ಗೆ ಒಂದು ಹೆಂಗಸಿನ ದನಿ: "ನಮ್ಮ ಬೀದಿ ತಿರುವಿನಲ್ಲಿ ಯಾರೋ ಕುಂಬಳಕಾಯಿ ಒಡೆದಿದ್ದಾರೆ. ಒಳಗೆಲ್ಲ ರಕ್ತ! ನಾಯಿ ಕರ್ಕೊಂಡು ಆಚೆ ಹೋಗೋಕೂ ಭಯ." ಅಯ್ಯೋ ಶಿವನೇ, ಪಕ್ಕದ ಮನೆ ಡಾಟಿ ಆಂಟಿ! ಎಂಬತ್ತು ದಾಟಿದ ಒಂಟಿ ಜೀವ. ಒಡೆದವನು ನಾನೇ. ಬೂದುಗುಂಬಳ ಸಿಗದೆ, ಇಲ್ಲಿನ ಹ್ಯಾಲೋವೀನ್ ಹಬ್ಬಕ್ಕೆ ಮಾರುವ ಕೇಸರಿ ಕುಂಬಳಕ್ಕೇ ಕುಂಕುಮ ತುಂಬಿ ಹಿಂದಿನ ದಿನ ಹೊಸ ಕಾರಿಗೆ ನಿವಾಳಿಸಿದ್ದೆ. ಮೀಟಿಂಗ್‌ಗೆ ತಡವಾಯಿತು, ಸಂಜೆ ಗುಡಿಸಿದರಾಯಿತು ಅಂತ ಓಡಿದವನು ಮರೆತೇಬಿಟ್ಟಿದ್ದೆ.

ಒಬ್ಬ ಕೇಳುಗ ಮಾಟ ಅಂದ, ಇನ್ನೊಬ್ಬ ಕರಡಿ ಅಂದ. ಮನೆಯಲ್ಲಿ ಅದನ್ನೇ ಕೇಳುತ್ತಿದ್ದ ಹೆಂಡತಿ ಸುಮ ಫೋನ್ ಮಾಡಿ, "ಕಾಲ್ ಮಾಡಿ ಒಪ್ಕೊಳ್ರೀ. ಪಾಪ, ಎಷ್ಟು ಹೆದರಿದಾರೆ" ಅಂದಳು. ನನಗೂ ಕರುಳು ಚುರುಕ್ ಅಂದಿತ್ತು. ಕಾರು ಪಾರ್ಕ್ ಮಾಡಿ ರೇಡಿಯೊಗೆ ಫೋನ್ ಹಚ್ಚಿದೆ. ಊರೆಲ್ಲ ಕೇಳುತ್ತಿದೆ ಅಂತ ಹೊಳೆದದ್ದೇ ತಡ, ಅಮೆರಿಕನ್ ರಾಗ ಎಳೆದು, "ನಾನು ಮೈಕ್. ಅದು ಜಿಂಕೆ ಕೆಲಸ" ಅಂದುಬಿಟ್ಟೆ. "ಮತ್ತೆ ರಕ್ತ?" ಅಂದ ಬಾಬ್. "ಜಿಂಕೆಗೆ ಗಾಯ ಆಗಿರಬೇಕು" ಅಂದು ಫೋನ್ ಇಟ್ಟೆ.

ಸಂಜೆ ಬಂದು ನೋಡಿದರೆ ಡಾಟಿ ಆಂಟಿ ಕೋಲೂರಿಕೊಂಡು, ಬ್ಯಾಂಡೇಜು, ಸೇಬು ಹಿಡಿದು ಪೊದೆ ಪೊದೆ ಹುಡುಕುತ್ತಿದ್ದಾರೆ! ಗಾಯಗೊಂಡ ಜಿಂಕೆಗಾಗಿ ಮಧ್ಯಾಹ್ನದ ಊಟ ಕೂಡ ಮಾಡಿಲ್ಲವಂತೆ. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಪೂಜೆ, ಕುಂಕುಮ ಎಲ್ಲ ಹೇಳಿ ಕ್ಷಮೆ ಕೇಳಿದೆ. "ಹಾಗಾದ್ರೆ ಯಾವ ಜಿಂಕೆಗೂ ಏನೂ ಆಗಿಲ್ಲ ತಾನೆ?" ಅಂತ ಕಣ್ಣೊರೆಸಿಕೊಂಡು, ಪೊರಕೆ ತಂದುಕೊಟ್ಟರು.

ಮರುದಿನ ಅವರೇ ರೇಡಿಯೊದಲ್ಲಿ, "ನಮ್ಮ ಪಕ್ಕದ ಮನೆಯವನು ಎಂಥಾ ಪ್ರಾಮಾಣಿಕ! ತಾನಾಗೇ ಬಂದು ಒಪ್ಪಿಕೊಂಡ. ಈ ವಯಸ್ಸಿನಲ್ಲಿ ನನ್ನನ್ನು ಪೊದೆಯೆಲ್ಲ ಸುತ್ತಿಸಿದವನು ಆ ಸುಳ್ಳುಬುರುಕ ಮೈಕ್" ಅಂದರು. ಆವತ್ತಿನಿಂದ ಊರೇ ಅವನಿಗೆ ಛೀಮಾರಿ ಹಾಕುತ್ತಿದೆ. ಮೊನ್ನೆ ಸಂಜೆ ಬೇಲಿ ಹತ್ತಿರ ಆಂಟಿ ಸಿಕ್ಕಾಗ ನಾನೂ ಅವರ ಜೊತೆ ಸೇರಿ ಮೈಕ್‌ಗೆ ಚೆನ್ನಾಗಿ ಬೈದೆ.