ಹನ್ನೊಂದು ಸೆಕೆಂಡು ತಡವಾಗಿ ಮಾತಾಡುವ ರೇಡಿಯೊದ ತಯಾರಕರಿಗೆ

ಮಾನ್ಯರೇ,

ಗ್ರಾಹಕರು ತಮ್ಮನ್ನು ಹೊಗಳಿ ಮುಜುಗರಪಡಿಸಬಾರದೆಂದು ಡಬ್ಬಿಯ ತಳದಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ ವಿಳಾಸ ಮುದ್ರಿಸಿರುವ ತಮ್ಮ ವಿನಯಕ್ಕೆ ಮೊದಲು ಕೈಮುಗಿಯುತ್ತೇನೆ. ವಕೀಲರೊಬ್ಬರ ಕಚೇರಿಯಲ್ಲಿ ಹದಿನೆಂಟು ವರ್ಷಗಳಿಂದ ಬೆರಳಚ್ಚುಗಾರ್ತಿಯಾಗಿರುವ ನಾನು ಊರವರ ದೂರುಗಳನ್ನೆಲ್ಲ ಟೈಪು ಮಾಡಿದ್ದರೂ ನನ್ನದೆನ್ನಲು ಒಂದು ದೂರೂ ಇರಲಿಲ್ಲ. ಆ ಕೊರತೆಯನ್ನು ತಮ್ಮ ಡಿಜಿಟಲ್ ರೇಡಿಯೊ ನೀಗಿಸಿದೆ.

ನಮ್ಮ ಮಾವನವರು ಗಡಿಯಾರ ರಿಪೇರಿಯವರು. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದರೂ ಮನೆಯ ಗೋಡೆ ಗಡಿಯಾರವನ್ನು ಬೇರೆಯವರು ಮುಟ್ಟುವಂತಿಲ್ಲ. ಮಧ್ಯಾಹ್ನದ ಸುದ್ದಿಗೆ ಮುಂಚೆ ರೇಡಿಯೊದಲ್ಲಿ 'ಪೀಪ್ ಪೀಪ್' ಬಂದಾಗ ಅವರು ಎದ್ದು ನಿಂತು, ಮುಳ್ಳಿನ ಮೇಲೆ ಬೆರಳಾಡಿಸಿ, "ಸರಿಯಾಗಿದೆ" ಎಂದಮೇಲೆಯೇ ನಮಗೆ ಊಟ. ಹಳೆಯ ರೇಡಿಯೊ ಕಪಾಟಿನಿಂದ ಬಿದ್ದು ಕಣ್ಣುಮುಚ್ಚಿದ್ದರಿಂದ ನಾನು ಅಂಗಡಿಗೆ ಹೋದೆ. ಡಬ್ಬಿಯ ಮೇಲೆ ಐದು ನಕ್ಷತ್ರಗಳಿದ್ದವು, ಕೊಟ್ಟವರು ಯಾರೆಂದು ನಾನು ಕೇಳಲಿಲ್ಲ. ಪರದೆಯಲ್ಲಿ ಏಳು ಬಣ್ಣ ಬರುತ್ತಿದ್ದವು, ಕಣ್ಣು ಕಾಣದವರಿಗೆ ಅವು ಯಾಕೆಂದೂ ಯೋಚಿಸಲಿಲ್ಲ. "ಇಂಟರ್ನೆಟ್ಟಿಂದ ನಾಲ್ಕು ಸಾವಿರ ಸ್ಟೇಷನ್ ಬರುತ್ತೆ ಮೇಡಂ" ಎಂದ ಮಾರಾಟಗಾರನಿಗೆ, "ಒಂದನ್ನು ಹಾಕಿ ತೋರಿಸಪ್ಪ" ಎನ್ನಲು ನಾಚಿಕೊಂಡೆ. ನನ್ನಂಥ ನಾಚಿಕೆಯವರನ್ನು ನಂಬಿಯೇ ತಮ್ಮ ಕಾರ್ಖಾನೆ ನಡೆಯುತ್ತಿದೆಯೆಂದು ಈಗ ತಿಳಿಯಿತು.

ಮೊದಲ ದಿನ ಗೋಡೆ ಗಡಿಯಾರ ಆರು ಸೆಕೆಂಡು ಮುಂದಿತ್ತು. ಮಾವ ಅದನ್ನು ನಿಲ್ಲಿಸಿ, ಸರಿಪಡಿಸಿದರು. ಮಾರನೆಯ ದಿನ ಮತ್ತೆ ಐದು ಸೆಕೆಂಡು ಮುಂದೆ. ಮೂರನೆಯ ದಿನ, ತಮ್ಮ ಯಂತ್ರ ಯಾವ ಲಹರಿಯಲ್ಲಿತ್ತೋ, ಗಡಿಯಾರವೇ ಹಿಂದೆ. ಹೀಗೆ ಮೂರು ವಾರ ಅವರು ಲೋಲಕ ಬಿಚ್ಚಿದರು, ಹಲ್ಲುಚಕ್ರಗಳಿಗೆ ಎಣ್ಣೆ ಬಿಟ್ಟರು, ನನಗೆ ಕೇಳಿಸದಂತೆ ಎಣಿಸಿದರು. ಒಂದು ಬೆಳಿಗ್ಗೆ ಸಲಕರಣೆಯ ಪೆಟ್ಟಿಗೆಯನ್ನು ನನ್ನ ಮುಂದಿಟ್ಟು, "ಯಾರಿಗಾದ್ರೂ ಕೊಟ್ಟುಬಿಡು ಮಗಳೇ. ನನ್ನ ಕೈ ಸುಳ್ಳು ಹೇಳ್ತಿದೆ" ಎಂದರು. ಅತ್ತೆ ತೀರಿಕೊಂಡಾಗಲೂ ಅವರ ದನಿ ಅಷ್ಟು ಸಣ್ಣಗಾಗಿರಲಿಲ್ಲ. ಐವತ್ತು ವರ್ಷದ ಕಸುಬುದಾರನಿಗೆ ಅವನ ಕೈಯ ಮೇಲೇ ಅನುಮಾನ ಹುಟ್ಟಿಸುವುದು ಎಲ್ಲ ಕಂಪನಿಗಳಿಗೂ ಸಾಧ್ಯವಾಗುವ ಕೆಲಸವಲ್ಲ. ಅಭಿನಂದನೆಗಳು.

ಆ ಭಾನುವಾರ ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ, ಮೇಲಿನ ಮನೆಯ ಅಜ್ಜಿಯ ಹಳೇ ರೇಡಿಯೊ 'ಪೀಪ್' ಎಂದಿತು. ಮಾವ ಊಟಕ್ಕೆ ಕಾಯುತ್ತಾರೆಂದು ಓಡೋಡಿ ಕೆಳಗಿಳಿದೆ. ಬಾಗಿಲಲ್ಲಿ ಕಾಲಿಟ್ಟರೆ ನಮ್ಮ ಮನೆಯಲ್ಲಿ ಆಗಷ್ಟೇ 'ಪೀಪ್'! ಮಾರನೆಯ ದಿನ ಅಜ್ಜಿಯನ್ನೂ ಅವರ ರೇಡಿಯೊವನ್ನೂ ಕರೆತಂದು, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಕೂರಿಸಿದೆ. ಅಜ್ಜಿಯದು ಕೂಗಿತು. ಮಾವ ಬೆರಳು ಮಡಚುತ್ತ ಎಣಿಸಿದರು. ಹನ್ನೊಂದಕ್ಕೆ ತಮ್ಮದು ಕೂಗಿತು. ಮೂರು ವಾರಗಳಲ್ಲಿ ಮೊದಲ ಸಲ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ರೇಡಿಯೊ ಅಲ್ಲಮ್ಮ, ಚಾಡಿಕೋರ. ಎಲ್ಲೋ ಕೇಳಿಸ್ಕೊಂಡು ಬಂದು ಆಮೇಲೆ ನಮ್ಮ ಕಿವೀಲಿ ಊದುತ್ತೆ!"

ಹಿಂದಿರುಗಿಸಲು ಹೋದರೆ ಅಂಗಡಿಯವನು, "ಹನ್ನೊಂದು ಸೆಕೆಂಡ್ ತಾನೇ ಮೇಡಂ, ಬಸ್ ತಪ್ಪುತ್ತಾ?" ಎಂದ. ಮಾರಿದ್ದನ್ನು ವಾಪಸ್ ಪಡೆಯುವುದಿಲ್ಲವೆಂಬ ಫಲಕವನ್ನೂ ತೋರಿಸಿದ. ಆದರೆ ಈ ಸಲ ನನ್ನ ಜೊತೆ ಮಾವ ಇದ್ದರು, ಅವರಿಗೆ ನಾಚಿಕೆ ಇರಲಿಲ್ಲ. ಕಪಾಟಿನಲ್ಲಿದ್ದ ಬೇರೆ ರೇಡಿಯೊಗಳನ್ನು ಒಂದೊಂದಾಗಿ ಇಳಿಸಿ, ಪ್ಲಗ್ ತೆಗೆಸಿ, ಬ್ಯಾಟರಿಯಲ್ಲಿ ಹಾಕಿಸಿದರು. ಎರಡು ಅಲ್ಲೇ ಉಸಿರುಬಿಟ್ಟವು. ದನಿ ಏರಿಸಿದರು, ಒಂದು ಬಾಯಲ್ಲಿ ನೀರಿಟ್ಟುಕೊಂಡವರಂತೆ ಗುಳುಗುಳು ಎಂದಿತು. ಕಣ್ಣು ಮುಚ್ಚಿ ಸ್ಟೇಷನ್ ಬದಲಾಯಿಸೆಂದು ಮಾರಾಟಗಾರನಿಗೇ ಹೇಳಿದರು, ಅವನು ತಡಕಾಡಿ ರೇಡಿಯೊವನ್ನೇ ಆರಿಸಿಬಿಟ್ಟ. ಕೊನೆಗೆ ಕೈಗೆ ಸಿಗುವ ದಪ್ಪ ತಿರುಗಣೆಯ, ಇಂಟರ್ನೆಟ್ಟಿಲ್ಲದೆ ಹಳೇ ಬ್ಯಾಂಡೂ ಹಿಡಿಯುವ, ನೋಡಲು ಇಟ್ಟಿಗೆಯಂತಿದ್ದ ಆರನೆಯದನ್ನು ಒಪ್ಪಿದರು. ನಮ್ಮ ಹಿಂದೆ ನಿಂತಿದ್ದ ಹೆಂಗಸು ತನ್ನ ಕೈಯಲ್ಲಿದ್ದ ತಮ್ಮ ಡಬ್ಬಿಯನ್ನು ಮೆಲ್ಲಗೆ ಕಪಾಟಿಗೆ ಹಿಂದಿರುಗಿಸಿದಳು.

ಆದ್ದರಿಂದ ಮಾನ್ಯರೇ, ತಮ್ಮ ಯಂತ್ರವನ್ನು ತಿದ್ದುವ ತೊಂದರೆ ತೆಗೆದುಕೊಳ್ಳಬೇಡಿ. ಸೂರ್ಯನಿಗೊಂದು ಪತ್ರ ಬರೆದು, ದಿನವೂ ತಮ್ಮ ರೇಡಿಯೊವನ್ನು ಕೇಳಿಕೊಂಡೇ ನೆತ್ತಿಗೇರುವಂತೆ ಸೂಚಿಸಿದರೆ ಸಾಕು. ಅದು ಕಷ್ಟವಾದರೆ, ಮೂರು ವಾರ ತಮ್ಮನ್ನು ತಾವೇ ಬೈದುಕೊಂಡ ಮುದುಕರ ಎದುರು ಬಂದು ಕ್ಷಮೆ ಕೇಳಬಹುದು. ತಾವು ಬರುವುದು ತಡವಾಗುತ್ತದೆಂದು ನಮಗೆ ಗೊತ್ತು, ಕಾಯುತ್ತೇವೆ.

ತಮ್ಮ ಮಾತನ್ನು ಇನ್ನೆಂದೂ ನಂಬದ,
ತಮ್ಮ ವಿಶ್ವಾಸಿ,
ಗಡಿಯಾರದವರ ಸೊಸೆ

ತಾ.ಕ.: ನಿನ್ನೆ ಮಾವನವರು ತಾವು ತಯಾರಿಸಿದ ಆ ರೇಡಿಯೊವನ್ನು ಬಿಚ್ಚಿದರು. ಒಳಗೆ, ಯಾವ ತಂತಿಗೂ ಸಂಬಂಧವಿಲ್ಲದ ಕಬ್ಬಿಣದ ತುಂಡೊಂದನ್ನು ಅಂಟು ಹಾಕಿ ಕೂರಿಸಿದ್ದಿರಿ, ಅಂಗಡಿಯಲ್ಲಿ ಎತ್ತಿ ನೋಡಿದವರಿಗೆ ಗಟ್ಟಿ ಮಾಲೆನಿಸಲಿ ಎಂದು. ಈಗ ಅದು ಗಾಳಿಗೆ ಬಡಿದುಕೊಳ್ಳುತ್ತಿದ್ದ ನಮ್ಮ ಹಿತ್ತಲ ಬಾಗಿಲನ್ನು ಹಿಡಿದು ನಿಲ್ಲಿಸಿದೆ, ಒಂದು ಸೆಕೆಂಡೂ ತಡಮಾಡದೆ. ಅದನ್ನೊಂದೇ ಮಾರುವುದಾದರೆ ತಿಳಿಸಿ, ಮುಂಬಾಗಿಲಿಗೂ ಒಂದು ಬೇಕಿದೆ.